ರೈತರ ಹೆಸರು ಬಿಲ್ ವಿಂಡೋಗೆ ಬರುತ್ತಿಲ್ಲ, ಎರರ್ ಕೂಡ ಇಲ್ಲ: ಒಂದು ಫಾರ್ಮ್‌ನಿಂದ ಇನ್ನೊಂದಕ್ಕೆ ಡೇಟಾ ಕಳಿಸುವುದು ಹೇಗೆ?

ಕೊಬ್ಬರಿ ಮಂಡಿ:

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನಮ್ಮ ಮಾವನ ಕೊಬ್ಬರಿ ಮಂಡಿ ಇದೆ. ಅವರಿಗೆ ಒಂದು ಸಣ್ಣ ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಸಿ ಶಾರ್ಪ್ ಭಾಷೆ, ವಿಂಡೋಗಳಿಗೆ ವಿಂಡೋಸ್ ಫಾರ್ಮ್ಸ್ (ಇದರಲ್ಲಿ ಪ್ರತಿ ವಿಂಡೋವೂ ಒಂದು ಫಾರ್ಮ್). ಕಲಿಯಲು ಶುರು ಮಾಡಿ ಮೂರು ತಿಂಗಳಾಯಿತು.

ಎರಡು ವಿಂಡೋ ಇವೆ. ಮೊದಲನೆಯದು ಬಿಲ್‌ಫಾರ್ಮ್. ಅದರಲ್ಲಿ "ರೈತರನ್ನು ಹುಡುಕಿ" ಅಂತ ಒಂದು ಬಟನ್. ಒತ್ತಿದರೆ ರೈತರಪಟ್ಟಿ ಅನ್ನುವ ಎರಡನೇ ವಿಂಡೋ ತೆರೆಯುತ್ತದೆ. ಅಲ್ಲಿ ಹೆಸರು ಆರಿಸಿ "ಸರಿ" ಒತ್ತಿದರೆ ಅದು ಬಿಲ್‌ನಲ್ಲಿ ಬಂದು ಕೂರಬೇಕು. ಬರುತ್ತಿಲ್ಲ. "ಸರಿ" ಬಟನ್ನಿನ ಕೋಡ್ ಕೆಳಗಿದೆ. ಫೋನಿನಿಂದ ಬರೆಯುತ್ತಿದ್ದೇನೆ, ಅದಕ್ಕೇ ಎಲ್ಲ ಕನ್ನಡ ಅಕ್ಷರದಲ್ಲೇ ಇದೆ.

ಬಿಲ್‌ಫಾರ್ಮ್ ಬಿ = ನ್ಯೂ ಬಿಲ್‌ಫಾರ್ಮ್();
ಬಿ.ಹೆಸರುಬಾಕ್ಸ್.ಟೆಕ್ಸ್ಟ್ = ಆರಿಸಿದಹೆಸರು;
ದಿಸ್.ಕ್ಲೋಸ್();

ಮೊದಲು ಹೆಸರುಬಾಕ್ಸ್ ಪ್ರೈವೇಟ್ ಅಂತ ಕಂಪೈಲರ್ ತಕರಾರು ಮಾಡಿತು. ಪ್ರಾಪರ್ಟೀಸ್‌ನಲ್ಲಿ ಮಾಡಿಫೈಯರ್ಸ್ ಪಬ್ಲಿಕ್ ಮಾಡಿದೆ, ತಕರಾರು ಹೋಯಿತು, ಹೆಸರು ಮಾತ್ರ ಬರಲಿಲ್ಲ. ಆಮೇಲೆ ಬಿ.ಶೋ() ಸೇರಿಸಿದೆ. ಈಗ ಹೆಸರಿರುವ ಬಿಲ್ ಬರುತ್ತದೆ, ಆದರೆ ಅಷ್ಟರಲ್ಲಿ ನಾನು ತುಂಬಿದ್ದ ಐದಾರು ಚೀಲಗಳ ತೂಕ ಎಲ್ಲ ಖಾಲಿ! ಹಳೇ ಬಿಲ್ ವಿಂಡೋ ಹಿಂದೆ ಹಾಗೇ ನಿಂತಿದೆ. ಅದನ್ನು ಹೈಡ್ ಮಾಡಿದರೆ ಕೊನೆಗೆ ಪ್ರೋಗ್ರಾಂ ಮುಚ್ಚಿದ ಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಓಡುತ್ತಾ ಇರುತ್ತದೆ. ಎರಡು ಸಂಜೆ ಇದರಲ್ಲೇ ಹೋಯಿತು. ಎಲ್ಲಿ ತಪ್ಪಿದೆ ಹೇಳಿ.

ರಾತ್ರಿ ಪಾಳಿ:

ತಪ್ಪು ಮೊದಲನೇ ಸಾಲಿನಲ್ಲೇ ಇದೆ. ನ್ಯೂ ಅನ್ನುವ ಪದ. ಅದು ಇರುವ ಬಿಲ್ ಬಿಟ್ಟು ಇನ್ನೊಂದು ಹೊಸ ಬಿಲ್ ಹುಟ್ಟಿಸುತ್ತದೆ.

ಮಂಡಿಯಲ್ಲಿ ರಶೀದಿ ಪುಸ್ತಕ ಇರುತ್ತದಲ್ವಾ? ಒಂದೇ ಪ್ರೆಸ್ಸಿನಲ್ಲಿ ಅಚ್ಚಾದವು, ನೋಡಲು ಎಲ್ಲ ಒಂದೇ ಥರ. ಮೇಜಿನ ಮೇಲೆ ಒಂದು ಪುಸ್ತಕ ತೆರೆದಿದೆ, ಅದರಲ್ಲಿ ಐದು ಚೀಲದ ತೂಕ ಬರೆದಿದ್ದೀರಿ. ಈಗ ರೈತರ ಹೆಸರು ಬರೆಯಬೇಕು. ನೀವು ಬೀರುವಿನಿಂದ ಹೊಸ ಪುಸ್ತಕ ತೆಗೆದಿರಿ, ಅದರಲ್ಲಿ ಹೆಸರು ಬರೆದಿರಿ, ಬೀರುವಿಗೇ ವಾಪಸ್ ಇಟ್ಟಿರಿ. ಮೇಜಿನ ಮೇಲಿನ ಪುಸ್ತಕದಲ್ಲಿ ಹೆಸರು ಹೇಗೆ ಬರಬೇಕು? ಹೆಸರು ಬರೆದದ್ದು ನಿಜ, ಅದಕ್ಕೇ ಎರರ್ ಇಲ್ಲ. ಬರೆದದ್ದು ಬೇರೆ ಪುಸ್ತಕದಲ್ಲಿ. ಶೋ() ಸೇರಿಸಿದಾಗ ಆ ಬೀರುವಿನ ಪುಸ್ತಕ ಮೇಜಿಗೆ ಬಂತು, ಅಷ್ಟೇ. ತೂಕ ಅದರಲ್ಲಿ ಇರಲು ಸಾಧ್ಯವೇ ಇಲ್ಲ.

ನಂಬಿಕೆ ಬರದಿದ್ದರೆ ಬಿಲ್‌ಫಾರ್ಮ್‌ನ ಕನ್‌ಸ್ಟ್ರಕ್ಟರ್ (ಫಾರ್ಮ್ ಹುಟ್ಟುವಾಗ ಓಡುವ ಕೋಡ್) ಒಳಗೆ "ಬಿಲ್ ಹುಟ್ಟಿತು" ಅಂತ ಒಂದು ಮೆಸೇಜ್‌ಬಾಕ್ಸ್ ಹಾಕಿ ಓಡಿಸಿ. "ಸರಿ" ಒತ್ತಿದಾಗ ಅದು ಇನ್ನೊಮ್ಮೆ ಬರುತ್ತದೆ. ಟಾಸ್ಕ್ ಮ್ಯಾನೇಜರ್ ಕಥೆಯೂ ಇದೇ. ಪ್ರೋಗ್ರಾಂ.ಸಿಎಸ್ ಫೈಲಿನಲ್ಲಿ ಅಪ್ಲಿಕೇಷನ್.ರನ್ ಅಂತ ಒಂದು ಸಾಲಿದೆ, ನೋಡಿ. ಅಲ್ಲಿ ಹುಟ್ಟಿದ ಬಿಲ್ ಮುಚ್ಚಿದರೆ ಮಾತ್ರ ಪ್ರೋಗ್ರಾಂ ನಿಲ್ಲುತ್ತದೆ. ನೀವು ಅದನ್ನು ಬಚ್ಚಿಟ್ಟು ಬೇರೆಯದನ್ನು ಮುಚ್ಚುತ್ತಿದ್ದೀರಿ.

ಸರಿಯಾದ ದಾರಿ ಉಲ್ಟಾ ಇದೆ. ರೈತರಪಟ್ಟಿಗೆ ಬಿಲ್ ಅಂತ ಒಂದು ಇದೆ ಅನ್ನುವುದೇ ಗೊತ್ತಿರಬಾರದು. ಅದು ಯಾರಿಗೂ ಏನೂ ಕಳಿಸಬೇಕಿಲ್ಲ. ಆರಿಸಿದ್ದನ್ನು ತನ್ನ ಹತ್ತಿರ ಒಂದು ಪಬ್ಲಿಕ್ ಪ್ರಾಪರ್ಟಿಯಲ್ಲಿ ಇಟ್ಟುಕೊಂಡರೆ ಸಾಕು. ಕರೆದವರು ಬಂದು ತೆಗೆದುಕೊಳ್ಳುತ್ತಾರೆ. ಬಿಲ್‌ಫಾರ್ಮ್‌ನ ಬಟನ್ನಿನಲ್ಲಿ ಹೀಗೆ ಬರೆಯಿರಿ:

ಯೂಸಿಂಗ್ (ವಾರ್ ಪಟ್ಟಿ = ನ್ಯೂ ರೈತರಪಟ್ಟಿ())
{
ಇಫ್ (ಪಟ್ಟಿ.ಶೋಡೈಲಾಗ್(ದಿಸ್) == ಡೈಲಾಗ್‌ರಿಸಲ್ಟ್.ಓಕೆ)
ಹೆಸರುಬಾಕ್ಸ್.ಟೆಕ್ಸ್ಟ್ = ಪಟ್ಟಿ.ಆರಿಸಿದರೈತ.ಹೆಸರು;
}

ರೈತರಪಟ್ಟಿಯ "ಸರಿ" ಬಟನ್ನಿನಲ್ಲಿ ಎರಡೇ ಸಾಲು. ಆರಿಸಿದ ರೈತರನ್ನು ಆರಿಸಿದರೈತ ಪ್ರಾಪರ್ಟಿಯಲ್ಲಿ ಇಡಿ, ದಿಸ್.ಡೈಲಾಗ್‌ರಿಸಲ್ಟ್ ಅನ್ನು ಓಕೆ ಮಾಡಿ. ವಿಂಡೋ ತಾನೇ ಮುಚ್ಚುತ್ತದೆ. ಶೋಡೈಲಾಗ್ ಇರುವಷ್ಟು ಹೊತ್ತು ಬಿಲ್‌ನ ಕೋಡ್ ಆ ಸಾಲಿನಲ್ಲೇ ಕಾಯುತ್ತಾ ನಿಂತಿರುತ್ತದೆ. ಮುಚ್ಚಿದ ಮೇಲೆ ಮುಂದಿನ ಸಾಲು. ಮುಚ್ಚಿದ ವಿಂಡೋದಿಂದ ಡೇಟಾ ಹೇಗೆ ಓದುವುದು ಅಂತ ಹೊಸಬರು ಹೆದರುತ್ತಾರೆ. ಶೋಡೈಲಾಗ್‌ನಿಂದ ತೆರೆದ ಫಾರ್ಮ್ ಮುಚ್ಚಿದಾಗ ಬರೀ ಮರೆಯಾಗುತ್ತದೆ, ನಾಶವಾಗುವುದಿಲ್ಲ. ಯೂಸಿಂಗ್ ಮುಗಿದಾಗಲೇ ಅದರ ಕಥೆ ಮುಗಿಯುವುದು. ಶೋ() ದಿಂದ ತೆರೆದರೆ ಮಾತ್ರ ಮುಚ್ಚಿದ ತಕ್ಷಣ ಡಿಸ್ಪೋಸ್ ಆಗುತ್ತದೆ.

ಇನ್ನೊಂದು ಮಾತು. ಹೆಸರನ್ನು ಮಾತ್ರ ಕಳಿಸಬೇಡಿ, ರೈತ ಅನ್ನುವ ಕ್ಲಾಸ್ (ಅಚ್ಚು) ಮಾಡಿ ಅದರ ಆಬ್ಜೆಕ್ಟನ್ನೇ (ಆ ಅಚ್ಚಿನಿಂದ ಮಾಡಿದ, ಒಬ್ಬ ರೈತರ ಪೂರ್ತಿ ವಿವರ) ಕಳಿಸಿ. ನಿಮ್ಮ ಪಟ್ಟಿಯಲ್ಲಿ ಎಷ್ಟು ಜನ ಬಸವರಾಜು ಇದ್ದಾರೆ ಎಣಿಸಿ ನೋಡಿ. ಬರೀ ಹೆಸರು ಬಂದರೆ ದುಡ್ಡು ಯಾವ ಬಸವರಾಜುವಿನ ಲೆಕ್ಕಕ್ಕೆ ಹೋಗಬೇಕು?

ಕೊಬ್ಬರಿ ಮಂಡಿ:

ಮೆಸೇಜ್‌ಬಾಕ್ಸ್ ಹಾಕಿ ನೋಡಿದೆ. ನಿಜ, ಎರಡು ಸಲ ಬಂತು! ಈಗ ಯೂಸಿಂಗ್ ಹಾಕಿದ ಮೇಲೆ ಒಂದೇ ಸಲ. ಹೆಸರೂ ಬರುತ್ತಿದೆ, ತೂಕವೂ ಉಳಿದಿದೆ. ತುಂಬಾ ಧನ್ಯವಾದ. ಬಸವರಾಜು ಎಣಿಸಿದೆ, ನಾಲ್ಕು ಜನ ಇದ್ದಾರೆ.

ಆದರೆ ಒಂದು ಅನುಮಾನ. ನನ್ನ ಹತ್ತಿರ ಹಳೇ ವಿಷುಯಲ್ ಬೇಸಿಕ್ ನೋಟ್ಸ್ ಇದೆ. ಅದರಲ್ಲಿ ಸುಮ್ನೆ ಫಾರ್ಮ್1.ಟೆಕ್ಸ್ಟ್1.ಟೆಕ್ಸ್ಟ್ ಅಂತ ಬರೆದಿದ್ದಾರೆ, ಅಲ್ಲಿ ಕೆಲಸ ಮಾಡುತ್ತದೆ. ಸಿ ಶಾರ್ಪ್‌ನಲ್ಲಿ ಯಾಕೆ ಆಗುವುದಿಲ್ಲ?

ಹಳೇ ವಿಬಿ ಕೈ:

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಾನು ಶುರು ಮಾಡಿದ್ದೇ ವಿಬಿ 6ರಲ್ಲಿ, ಅದು 1998ರದ್ದು. ಅಲ್ಲಿ ಪ್ರತಿ ಫಾರ್ಮ್ ಕ್ಲಾಸಿಗೂ ಅದೇ ಹೆಸರಿನ ಒಂದು ರೆಡಿ ಆಬ್ಜೆಕ್ಟ್ ಇರುತ್ತಿತ್ತು. ಫಾರ್ಮ್1 ಅಂದರೆ ಕ್ಲಾಸ್ ಕೂಡ ಹೌದು, ಕಣ್ಣ ಮುಂದಿನ ವಿಂಡೋ ಕೂಡ ಹೌದು. ಇದಕ್ಕೆ ಡೀಫಾಲ್ಟ್ ಇನ್‌ಸ್ಟನ್ಸ್ ಅನ್ನುತ್ತಿದ್ದೆವು. 2002ರಲ್ಲಿ ಡಾಟ್‌ನೆಟ್ ಬಂದಾಗ ವಿಬಿಯಿಂದ ಇದನ್ನು ತೆಗೆದರು. ಹಳಬರಿಗೆ ಬಹಳ ಕಷ್ಟವಾಯಿತು. 2005ರ ಆವೃತ್ತಿಯಲ್ಲಿ ಮೈ.ಫಾರ್ಮ್ಸ್ ಮೂಲಕ ವಾಪಸ್ ತಂದರು. ಸಿ ಶಾರ್ಪ್‌ನಲ್ಲಿ ಇದು ಮೊದಲಿನಿಂದಲೂ ಇಲ್ಲ. ಅದಕ್ಕೇ ವಿಬಿ ನೋಟ್ಸ್ ನೋಡಿಕೊಂಡು ಸಿ ಶಾರ್ಪ್ ಬರೆಯುವವರೆಲ್ಲ ಕಂಪೈಲರ್ ಒಪ್ಪಲಿ ಅಂತ ಒಂದು ನ್ಯೂ ಸೇರಿಸುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ.

ಆ ಹಳೇ ದಾರಿ ಸುಲಭ ಅನ್ನಿಸಿದರೂ ನಮ್ಮನ್ನು ಚೆನ್ನಾಗಿ ಕಾಡಿದೆ. ಫಾರ್ಮನ್ನು ಅನ್‌ಲೋಡ್ ಮಾಡಿದ ಮೇಲೆ ಎಲ್ಲೋ ಒಂದು ಕಡೆ ಫಾರ್ಮ್1.ಟೆಕ್ಸ್ಟ್1 ಅಂತ ಮುಟ್ಟಿದರೆ ಅದು ಸದ್ದಿಲ್ಲದೆ ಹೊಸದಾಗಿ ಲೋಡ್ ಆಗುತ್ತಿತ್ತು, ಖಾಲಿ ಬಾಕ್ಸ್‌ಗಳ ಜೊತೆ. ಅಂದರೆ ನಿಮ್ಮ ಇವತ್ತಿನ ತೊಂದರೆಯೇ, ನ್ಯೂ ಅನ್ನುವ ಪದ ಕಣ್ಣಿಗೆ ಕಾಣದೆ. ನಿಮಗೆ ಕಾಣುವ ಜಾಗದಲ್ಲಿ ಬಂದಿದೆ, ಒಳ್ಳೆಯದೇ ಆಯಿತು.

ಡಿಪ್ಲೊಮಾ ಹುಡುಗ:

ಇಷ್ಟೆಲ್ಲ ಯಾಕೆ? ಒಂದು ಸ್ಟ್ಯಾಟಿಕ್ ಕ್ಲಾಸ್ (ಇಡೀ ಪ್ರೋಗ್ರಾಂಗೆ ಒಂದೇ ಇರುವಂಥದ್ದು) ಮಾಡಿ, ಅದರಲ್ಲಿ ಈಗಿನರೈತ ಅಂತ ಒಂದು ವೇರಿಯಬಲ್ ಇಡಿ. ಎಲ್ಲ ಫಾರ್ಮ್‌ನಿಂದಲೂ ಓದಬಹುದು, ಬರೆಯಬಹುದು. ನಮ್ಮ ಪ್ರಾಜೆಕ್ಟ್ ಪೂರ್ತಿ ಹಾಗೇ ಮಾಡಿದ್ದೇವೆ, ಓಡುತ್ತಿದೆ.

ಲ್ಯಾಬ್ ಮೇಡಂ:

ಪ್ರಾಜೆಕ್ಟ್ ಓಡುತ್ತದೆ, ಏಕೆಂದರೆ ಪರೀಕ್ಷೆಯ ದಿನ ಒಂದು ಸಲಕ್ಕೆ ಒಂದೇ ಬಿಲ್ ತೆರೆದು ತೋರಿಸುತ್ತೀರಿ. ಅಂಗಡಿಯಲ್ಲಿ ಹಾಗಿರುವುದಿಲ್ಲ.

ನಾನು ಪಾಠ ಮಾಡಲು ಬರುವ ಮುಂಚೆ ಒಂದು ಔಷಧಿ ಅಂಗಡಿಗೆ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅದರಲ್ಲಿ ಈಗಿನಗ್ರಾಹಕ ಅಂತ ಸ್ಟ್ಯಾಟಿಕ್ ವೇರಿಯಬಲ್ ಇತ್ತು. ಎರಡು ತಿಂಗಳು ಸರಿಯಾಗಿತ್ತು. ಒಂದು ದಿನ ಒಬ್ಬರ ಬಿಲ್ ಅರ್ಧ ಆಗಿದೆ, ಅವರು ಚೀಟಿ ತರಲು ಹೊರಗೆ ಹೋದರು. ಅಂಗಡಿಯವರು ಅದನ್ನು ಹಾಗೇ ಬಿಟ್ಟು ಇನ್ನೊಬ್ಬರಿಗೆ ಹೊಸ ಬಿಲ್ ತೆರೆದರು. ಮೊದಲನೆಯವರು ವಾಪಸ್ ಬಂದು ಪ್ರಿಂಟ್ ತೆಗೆದರೆ ಅದರ ಮೇಲೆ ಎರಡನೆಯವರ ಹೆಸರು. ಇಬ್ಬರ ಬಾಕಿ ಲೆಕ್ಕವೂ ಅದಲು ಬದಲಾಗಿತ್ತು. ಅದನ್ನು ಸರಿಪಡಿಸಲು ಒಂದು ಭಾನುವಾರ ಪೂರ್ತಿ ಅಂಗಡಿಯಲ್ಲಿ ಕೂತು ಹಳೇ ಬಿಲ್ಲುಗಳನ್ನು ಒಂದೊಂದಾಗಿ ನೋಡಿದೆ. ಆವತ್ತಿನಿಂದ ನನ್ನ ವಿದ್ಯಾರ್ಥಿಗಳಿಗೆ ಕೇಳುವುದು ಒಂದೇ ಪ್ರಶ್ನೆ: ಈ ಡೇಟಾ ಇಡೀ ಪ್ರೋಗ್ರಾಂಗೆ ಒಂದೇನಾ, ವಿಂಡೋಗೊಂದಾ? ಲಾಗಿನ್ ಆದವರ ಹೆಸರು, ಅಂಗಡಿಯ ವಿಳಾಸ, ಡೇಟಾಬೇಸ್ ಇರುವ ಜಾಗ ಇವೆಲ್ಲ ಪ್ರೋಗ್ರಾಂಗೆ ಒಂದೇ. ಸ್ಟ್ಯಾಟಿಕ್ ಇಡಿ, ತಪ್ಪಿಲ್ಲ. ಗ್ರಾಹಕ ಬಿಲ್‌ಗೊಬ್ಬರು. ಅದು ಬಿಲ್‌ನ ಒಳಗೇ ಇರಬೇಕು.

ಮಂಡಿಯವರಿಗೆ ಇನ್ನೊಂದು ಎಚ್ಚರಿಕೆ. ಮುಂದೆ "ರೈತರ ವಿವರ ತಿದ್ದಿ" ಅಂತ ವಿಂಡೋ ಮಾಡೇ ಮಾಡುತ್ತೀರಿ. ಅದಕ್ಕೆ ರೈತ ಆಬ್ಜೆಕ್ಟ್ ಕೊಟ್ಟರೆ ಹೋಗುವುದು ನಕಲು ಅಲ್ಲ, ಅಸಲು. ಒಳಗೆ ಊರಿನ ಹೆಸರು ಬದಲಿಸಿ "ರದ್ದು" ಒತ್ತಿದರೂ ಬದಲಾವಣೆ ಉಳಿದುಬಿಡಬಹುದು. ತಿದ್ದುವ ವಿಂಡೋದಲ್ಲಿ ಬಾಕ್ಸ್‌ಗಳಿಗೆ ವಿವರ ತುಂಬಿ, "ಸರಿ" ಒತ್ತಿದಾಗ ಮಾತ್ರ ಆಬ್ಜೆಕ್ಟಿಗೆ ವಾಪಸ್ ಬರೆಯಿರಿ.

ಪೈಥಾನ್ ಕಲಿಕೆ:

ನಾನು ಪೈಥಾನ್‌ನಲ್ಲಿ ವಿಂಡೋ ಮಾಡಲು ಟಿಕಿಂಟರ್ ಬಳಸುತ್ತೇನೆ. ಇಲ್ಲೂ ಇದೇ ಗುಂಡಿಗೆ ಬಿದ್ದಿದ್ದೆ ಅಂತ ಈಗ ಗೊತ್ತಾಯಿತು. ಎರಡನೇ ವಿಂಡೋಗೆ ಮತ್ತೊಮ್ಮೆ ಟಿಕೆ() ಕರೆದಿದ್ದೆ. ಸ್ಟ್ರಿಂಗ್‌ವಾರ್ ಬದಲಾದರೂ ಆ ವಿಂಡೋದ ಲೇಬಲ್ ಬದಲಾಗುತ್ತಿರಲಿಲ್ಲ. ಸ್ಟ್ರಿಂಗ್‌ವಾರ್ ಯಾವ ವಿಂಡೋ ಅಂತ ಹೇಳದಿದ್ದರೆ ಮೊದಲನೇ ಟಿಕೆಗೆ ಸೇರುತ್ತದೆ, ಲೇಬಲ್ ಎರಡನೆಯದರಲ್ಲಿತ್ತು. ಎರಡನೇ ವಿಂಡೋಗೆ ಟಾಪ್‌ಲೆವೆಲ್ ಬಳಸಿದೆ, ಸರಿಹೋಯಿತು. ಶೋಡೈಲಾಗ್ ಥರ ಕಾಯಬೇಕೆಂದರೆ ವೇಟ್_ವಿಂಡೋ ಇದೆ.

ಕೊಬ್ಬರಿ ಮಂಡಿ:

ಸ್ಟ್ಯಾಟಿಕ್ ಬೇಡ, ನಮ್ಮಲ್ಲೂ ಒಂದೇ ಹೊತ್ತಿಗೆ ಎರಡು ಮೂರು ಬಿಲ್ ತೆರೆದಿರುತ್ತದೆ. ಮಾವ ಇದನ್ನು ಓದಿ ತಲೆ ಅಲ್ಲಾಡಿಸಿದರು.

ಮುಂದಿನ ಪ್ರಶ್ನೆ. ದರದ ವಿಂಡೋ ಒಂದಿದೆ. ಕ್ವಿಂಟಾಲ್ ದರ ದಿನದಲ್ಲಿ ಬದಲಾಗಬಹುದು, ಅದಕ್ಕೆ ಅದು ಯಾವಾಗಲೂ ತೆರೆದೇ ಇರಬೇಕು. ಶೋಡೈಲಾಗ್ ಹಾಕಿದರೆ ಬಿಲ್ ಮುಟ್ಟಲು ಆಗುವುದಿಲ್ಲ. ಶೋ ಹಾಕಿದರೆ ಬಿಲ್ ಕಾಯುವುದಿಲ್ಲ. ದರ ಬದಲಾದಾಗ ಬಿಲ್‌ಗೆ ತಿಳಿಸುವುದು ಹೇಗೆ?

ರಾತ್ರಿ ಪಾಳಿ:

ಇಲ್ಲಿ ಇವೆಂಟ್ ಬೇಕು. ನೀವು ಈಗಾಗಲೇ ಬಳಸುತ್ತಿದ್ದೀರಿ. ಬಟನ್ನಿನ ಕ್ಲಿಕ್ ಒಂದು ಇವೆಂಟ್ ತಾನೇ? ಬಟನ್ನಿಗೆ ನಿಮ್ಮ ಬಿಲ್ ಏನು ಅಂತ ಗೊತ್ತಿಲ್ಲ. ಅದು "ನನ್ನನ್ನು ಒತ್ತಿದರು" ಅಂತ ಕೂಗುತ್ತದೆ, ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳುತ್ತಾರೆ. ದರದ ವಿಂಡೋಗೂ ಅಂಥದ್ದೇ ಒಂದು ಕೂಗು ಕೊಡಿ:

ಪಬ್ಲಿಕ್ ಇವೆಂಟ್ ಆಕ್ಷನ್<ಡೆಸಿಮಲ್> ದರಬದಲಾಯಿತು;

"ಉಳಿಸಿ" ಒತ್ತಿದಾಗ:

ದರಬದಲಾಯಿತು?.ಇನ್ವೋಕ್(ಹೊಸದರ);

ಆ ಪ್ರಶ್ನೆ ಚಿಹ್ನೆ ಬಿಡಬೇಡಿ. ಕೇಳುವವರು ಯಾರೂ ಇಲ್ಲದಿದ್ದರೆ ಇವೆಂಟ್ ನಲ್ (ಖಾಲಿ) ಆಗಿರುತ್ತದೆ, ಚಿಹ್ನೆ ಇಲ್ಲದಿದ್ದರೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಬಿಲ್‌ನಲ್ಲಿ ದರಫಾರ್ಮ್.ದರಬದಲಾಯಿತು += ಅಂತ ಬರೆದು ಮುಂದೆ ನಿಮ್ಮ ಮೆಥಡ್ ಹೆಸರು ಕೊಡಿ. ದುಡ್ಡಿಗೆ ಡೆಸಿಮಲ್ ಬಳಸಿ, ಡಬಲ್ ಬೇಡ. ಡಬಲ್‌ನಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಆಗುವುದಿಲ್ಲ, ಪೈಸೆ ತಪ್ಪಿದರೆ ಮಂಡಿಯಲ್ಲಿ ಯಾರು ಒಪ್ಪುತ್ತಾರೆ?

ಆದರೆ ಬಿಲ್ ಮೂರಾದರೆ, ಆಮೇಲೆ ದಿನದ ಲೆಕ್ಕ ಅಂತ ಇನ್ನೊಂದು ವಿಂಡೋ ಬಂದರೆ, ವಿಂಡೋಗಳು ಒಂದನ್ನೊಂದು ಕೇಳಿಸಿಕೊಳ್ಳುವ ದಾರ ಸಿಕ್ಕು ಸಿಕ್ಕಾಗುತ್ತದೆ. ಆಗ ದರ ಯಾವ ವಿಂಡೋದ್ದೂ ಅಲ್ಲ ಅಂತ ಒಪ್ಪಿಕೊಳ್ಳಬೇಕು. ದರಪಟ್ಟಿ ಅಂತ ಒಂದು ಮಾಮೂಲಿ ಕ್ಲಾಸ್ ಮಾಡಿ, ಅದರಲ್ಲಿ ಫಾರ್ಮ್, ಬಟನ್ ಯಾವುದೂ ಇರಬಾರದು. ಪ್ರೋಗ್ರಾಂ ಶುರುವಾಗುವಾಗ ಅದನ್ನು ಒಂದೇ ಒಂದು ಸಲ ನ್ಯೂ ಮಾಡಿ. ಪ್ರತಿ ಫಾರ್ಮ್‌ಗೂ ಕನ್‌ಸ್ಟ್ರಕ್ಟರ್ ಮೂಲಕ ಅದನ್ನೇ ಕೊಡಿ. ಇವೆಂಟ್ ಕೂಡ ಅದರ ಮೇಲೇ ಇರಲಿ. ದರದ ವಿಂಡೋ ಅದರಲ್ಲಿ ಬರೆಯುತ್ತದೆ, ಬಿಲ್‌ಗಳು ಅದನ್ನು ಕೇಳುತ್ತವೆ. ರೈತರ ಪಟ್ಟಿಗೂ ಹೀಗೇ. ಮಾಮೂಲಿ ಲಿಸ್ಟ್ ಬದಲು ಬೈಂಡಿಂಗ್‌ಲಿಸ್ಟ್ ಬಳಸಿದರೆ ಒಂದು ಕಡೆ ರೈತರನ್ನು ಸೇರಿಸಿದ ಕೂಡಲೇ ಅದೇ ಲಿಸ್ಟಿಗೆ ಕಟ್ಟಿದ ಗ್ರಿಡ್‌ಗಳೆಲ್ಲ ತಾವೇ ತೋರಿಸುತ್ತವೆ. ಹೆಸರು ತಿದ್ದಿದ್ದು ಕೂಡ ಹಾಗೇ ಕಾಣಬೇಕೆಂದರೆ ರೈತ ಕ್ಲಾಸಿಗೆ ಐನೋಟಿಫೈಪ್ರಾಪರ್ಟಿಚೇಂಜ್ಡ್ ಬೇಕು.

ಕನ್‌ಸ್ಟ್ರಕ್ಟರ್ ಬರೆಯುವಾಗ ಇನಿಷಿಯಲೈಜ್‌ಕಾಂಪೊನೆಂಟ್ ಸಾಲು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ, ಅದು ಮೊದಲು ಇರಲಿ. ಬಾಕ್ಸ್‌ಗಳು ಹುಟ್ಟುವುದೇ ಅಲ್ಲಿ.

ಕೊಬ್ಬರಿ ಮಂಡಿ:

ಮಾಡಿದೆ. ದರ ಬದಲಿಸಿದರೆ ತೆರೆದಿರುವ ಬಿಲ್‌ಗಳಲ್ಲೆಲ್ಲ ಒಟ್ಟು ಮೊತ್ತ ಬದಲಾಗುತ್ತಿದೆ. ಆದರೆ ವಿಚಿತ್ರ ಒಂದಿದೆ. "ದರ ಬದಲಾಯಿತು" ಅಂತ ಬಿಲ್‌ನಲ್ಲಿ ಒಂದು ಮೆಸೇಜ್ ಇಟ್ಟಿದ್ದೆ. ಬೆಳಗ್ಗೆ ಒಂದು ಸಲ ಬರುತ್ತಿತ್ತು. ಹತ್ತು ಬಿಲ್ ಮಾಡಿ ಮುಚ್ಚಿದ ಮೇಲೆ ಹತ್ತು ಸಲ ಬರುತ್ತಿದೆ.

ಲ್ಯಾಬ್ ಮೇಡಂ:

ಮುಚ್ಚಿದ ಬಿಲ್‌ಗಳೂ ಇನ್ನೂ ಕೇಳಿಸಿಕೊಳ್ಳುತ್ತಿವೆ. += ಮಾಡಿದಾಗ ದರಪಟ್ಟಿ ಆ ಬಿಲ್‌ನ ಕೈ ಹಿಡಿದುಕೊಳ್ಳುತ್ತದೆ. ದರಪಟ್ಟಿ ದಿನವಿಡೀ ಬದುಕಿರುತ್ತದೆ, ಹಾಗಾಗಿ ಹಿಡಿದ ಬಿಲ್‌ಗಳೂ ಮೆಮೊರಿಯಿಂದ ಹೋಗುವುದಿಲ್ಲ. ಬಿಲ್‌ನ ಫಾರ್ಮ್‌ಕ್ಲೋಸ್ಡ್ ಇವೆಂಟಿನಲ್ಲಿ ಅದೇ ಮೆಥಡ್ ಹೆಸರು ಕೊಟ್ಟು -= ಬರೆಯಿರಿ. ಹೆಸರಿಲ್ಲದ ಲ್ಯಾಂಬ್ಡಾ ಕೊಟ್ಟಿದ್ದರೆ ಹೀಗೆ ಬಿಡಿಸಲು ಬರುವುದಿಲ್ಲ, ಹೆಸರಿರುವ ಮೆಥಡ್ ಮಾಡಿಕೊಳ್ಳಿ.

ಕೊಬ್ಬರಿ ಮಂಡಿ:

ಸರಿಹೋಯಿತು ಮೇಡಂ. ಕೊನೆಯ ಎರಡು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ತೂಕದ ಮೆಷಿನ್ ಸೀರಿಯಲ್ ಪೋರ್ಟಿಗೆ ಜೋಡಿಸಿದ್ದೇನೆ. ಡೇಟಾರಿಸೀವ್ಡ್ ಇವೆಂಟಿನಲ್ಲಿ ತೂಕ ಬರುತ್ತದೆ. ಅದನ್ನು ಬಾಕ್ಸಿಗೆ ಹಾಕಿದರೆ ಕ್ರಾಸ್ ಥ್ರೆಡ್ ಅಂತ ಎಕ್ಸೆಪ್ಷನ್. ನೆಟ್ಟಿನಲ್ಲಿ ಯಾರೋ ಚೆಕ್‌ಫಾರ್‌ಇಲ್ಲೀಗಲ್‌ಕ್ರಾಸ್‌ಥ್ರೆಡ್‌ಕಾಲ್ಸ್ ಫಾಲ್ಸ್ ಮಾಡಿ ಅಂದಿದ್ದಾರೆ.

ಎರಡನೆಯದು, ಹಳೇ ರೈತರ ಹೆಸರುಗಳು ಪಟ್ಟಿಯಲ್ಲಿ ಕನ್ನಡದಲ್ಲೇ ಚೆನ್ನಾಗಿ ಕಾಣುತ್ತವೆ, ಬಿಲ್‌ಗೆ ಬಂದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗುತ್ತವೆ. ನಾನು ಹೊಸದಾಗಿ ಸೇರಿಸಿದ ಹೆಸರುಗಳು ಸರಿಯಾಗಿವೆ.

ತಕ್ಕಡಿ ಕೆಲಸ:

ತೂಕದ ಮೆಷಿನ್ ನನ್ನ ದಿನದ ಕೆಲಸ, ಅದಕ್ಕೆ ಬರೆಯುತ್ತಿದ್ದೇನೆ. ದಯವಿಟ್ಟು ಅದನ್ನು ಫಾಲ್ಸ್ ಮಾಡಬೇಡಿ. ಅದು ಎಚ್ಚರಿಕೆಯ ಗಂಟೆಯನ್ನು ಬಿಚ್ಚಿಡುತ್ತದೆಯೇ ಹೊರತು ಬೆಂಕಿ ಆರಿಸುವುದಿಲ್ಲ. ಮೆಷಿನ್‌ನಿಂದ ಡೇಟಾ ಬರುವುದು ಬೇರೆ ಥ್ರೆಡ್ಡಿನಲ್ಲಿ (ಪ್ರೋಗ್ರಾಂ ಒಳಗೆ ಜೊತೆಜೊತೆಗೇ ಓಡುವ ಇನ್ನೊಂದು ಸಾಲಿನಲ್ಲಿ). ಬಾಕ್ಸ್ ಮುಟ್ಟುವ ಹಕ್ಕು ಅದನ್ನು ಹುಟ್ಟಿಸಿದ ಥ್ರೆಡ್ಡಿಗೆ ಮಾತ್ರ. ಡಿಬಗರ್ (ಕೋಡಿನ ತಪ್ಪು ಹುಡುಕುವ ಸಾಧನ) ಜೊತೆ ಓಡಿಸಿದಾಗ ಮಾತ್ರ ಈ ತಪಾಸಣೆ ತಾನಾಗಿ ನಡೆಯುತ್ತದೆ. ಮಂಡಿಯ ಕಂಪ್ಯೂಟರಿನಲ್ಲಿ ಡಿಬಗರ್ ಇರುವುದಿಲ್ಲ, ಹಾಗಾಗಿ ಅಲ್ಲಿ ಎಕ್ಸೆಪ್ಷನ್ ಕಾಣದೆ ಯಾವತ್ತೋ ಒಂದು ದಿನ ವಿಂಡೋ ಸುಮ್ಮನೆ ಹೆಪ್ಪುಗಟ್ಟಬಹುದು. ತೂಕವನ್ನು ಮೊದಲು ವೇರಿಯಬಲ್ಲಿಗೆ ಓದಿಕೊಳ್ಳಿ, ಆಮೇಲೆ ಬಿಗಿನ್‌ಇನ್ವೋಕ್ ಮೂಲಕ ಬಾಕ್ಸಿಗೆ ಹಾಕಿ. ಇನ್ವೋಕ್ ಬೇಡ. ಇನ್ವೋಕ್ ಕೆಲಸ ಮುಗಿಯುವ ತನಕ ಕಾಯುತ್ತದೆ, ಅದೇ ಹೊತ್ತಿಗೆ ನೀವು ಪೋರ್ಟ್ ಮುಚ್ಚಿದರೆ ಅದು ಇದಕ್ಕೆ, ಇದು ಅದಕ್ಕೆ ಕಾಯುತ್ತಾ ಎರಡೂ ನಿಂತುಬಿಡುತ್ತವೆ. ಇನ್ನೊಂದು, ಒಂದು ಸಲದ ಡೇಟಾರಿಸೀವ್ಡ್‌ನಲ್ಲಿ ಪೂರ್ತಿ ತೂಕ ಬರುತ್ತದೆ ಅಂತ ನಂಬಬೇಡಿ. 48.250 ಅನ್ನುವುದು "48." ಮತ್ತು "250" ಅಂತ ಎರಡು ತುಂಡಾಗಿ ಬರಬಹುದು. ಸಾಲಿನ ಕೊನೆಯ ಗುರುತು ಬರುವ ತನಕ ಕೂಡಿಸಿಕೊಳ್ಳಿ.

ಹಳೇ ವಿಬಿ ಕೈ:

ಹೆಸರಿನ ತೊಂದರೆ ನನಗೆ ಓದಿದ ತಕ್ಷಣ ಗೊತ್ತಾಯಿತು. ಹಳೇ ಫೈಲನ್ನು ನುಡಿ ಅಥವಾ ಅಂಥ ತಂತ್ರಾಂಶದಲ್ಲಿ ಯೂನಿಕೋಡ್ (ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ಪದ್ಧತಿ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಡೇಟಾ ಸರಿಯಾಗಿಯೇ ದಾಟಿದೆ. ಅದರೊಳಗೆ ಇರುವುದೇ ಇಂಗ್ಲಿಷ್ ಅಕ್ಷರಗಳ ಸಂಕೇತ, ಅದರ ಮೇಲೆ ಕನ್ನಡದ ಚಿತ್ರ ಬರೆದ ಫಾಂಟ್. ನಿಮ್ಮ ಪಟ್ಟಿಯ ಗ್ರಿಡ್‌ಗೆ ಯಾವತ್ತೋ ಆ ಫಾಂಟ್ ಆರಿಸಿದ್ದೀರಿ, ಬಿಲ್‌ನ ಬಾಕ್ಸಿಗೆ ಆರಿಸಿಲ್ಲ. ಹಾಗಂತ ಬಿಲ್‌ಗೂ ಅದೇ ಫಾಂಟ್ ಹಾಕಬೇಡಿ. ಹೊಸ ಹೆಸರುಗಳು ಯೂನಿಕೋಡ್‌ನಲ್ಲಿವೆ. "ಬಸವ" ಅಂತ ಹುಡುಕಿದರೆ ಹಳೇ ಬಸವರಾಜು ಸಿಗುವುದೇ ಇಲ್ಲ. ಹಳೇ ಫೈಲನ್ನು ಪರಿವರ್ತಕದಲ್ಲಿ ಹಾಕಿ ಒಂದು ಸಲ ಯೂನಿಕೋಡ್ ಮಾಡಿಬಿಡಿ. ಆಮೇಲೆ ಎಲ್ಲ ಕಡೆ ನಿರ್ಮಲಾ ಯುಐ ಫಾಂಟ್ ಇಟ್ಟರೆ ಸಾಕು, ವಿಂಡೋಸ್ 8ರಿಂದ ಈಚೆಗೆ ಅದು ಜೊತೆಯಲ್ಲೇ ಬರುತ್ತದೆ. ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಮಾತ್ರ ಒಮ್ಮೆ ಕಣ್ಣಾರೆ ನೋಡಿ. ಪರಿವರ್ತನೆಯಲ್ಲಿ ತಪ್ಪುವುದು ಜಾಸ್ತಿ ಅಲ್ಲೇ.

ಕೊಬ್ಬರಿ ಮಂಡಿ:

ಬಿಗಿನ್‌ಇನ್ವೋಕ್ ಕೆಲಸ ಮಾಡಿತು. ಇವತ್ತು ಮಧ್ಯಾಹ್ನ ಎರಡು ಬಿಲ್ ಒಟ್ಟಿಗೆ ತೆರೆದು, ಎರಡಕ್ಕೂ ಬೇರೆ ಬೇರೆ ಬಸವರಾಜು ಆರಿಸಿ, ಮಧ್ಯದಲ್ಲಿ ದರ ಬದಲಿಸಿ ನೋಡಿದೆ. ಎರಡರಲ್ಲೂ ಸರಿಯಾದ ಹೆಸರು, ಸರಿಯಾದ ಮೊತ್ತ. ಕನ್‌ಸ್ಟ್ರಕ್ಟರ್‌ನ ಮೆಸೇಜ್‌ಬಾಕ್ಸ್ ಬಿಲ್‌ಗೆ ಒಂದೇ ಸಲ ಬರುತ್ತಿದೆ, ಈಗ ಅದನ್ನು ತೆಗೆದಿದ್ದೇನೆ. ಹಳೇ ಹೆಸರುಗಳನ್ನು ಪರಿವರ್ತಿಸಿ ಆಯಿತು. ಮಾವ ಪಕ್ಕದಲ್ಲಿ ಕೂತು ಒಂದೊಂದೇ ಓದುತ್ತಿದ್ದಾರೆ, ನಾನು ತಿದ್ದುತ್ತಿದ್ದೇನೆ. ಪಟ್ಟಿಯ ಅರ್ಧ ಮುಗಿದಿದೆ.